ಕಾಲಿಗೆ ತಕ್ಕ ಪೆಡಲ್

(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಮ್ಮ ಕೂಟದಲ್ಲಿ ಹಬ್ಬದ ಅಡುಗೆ, ಆರೋಗ್ಯ, ಉಳಿತಾಯ, ಮಕ್ಕಳಿಗೆ ಕನ್ನಡ ಕಲಿಸುವುದು, ಇಂಥ ವಿಷಯಗಳ ಮೇಲೆ ಒಳ್ಳೆಯ ಮಾತುಗಳಾಗಿವೆ. ನಾನು ಡ್ರಮ್ ಸೆಟ್ಟಿನ ಪೆಡಲ್ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾತಾಡಮ್ಮ, ಆದರೆ ನಮಗೆ ಅರ್ಥ ಆಗೋ ಹಾಗೆ ಮಾತಾಡು" ಎಂದರು. ಓದಿದ್ದು ಎಂ.ಟೆಕ್, ಕೆಲಸ ಸಾಫ್ಟ್‌ವೇರಿನದು. ಅರ್ಥವಾಗುವ ಹಾಗೆ ಮಾತಾಡುವುದು ನಮ್ಮವರಿಗೆ ಸ್ವಲ್ಪ ಕಷ್ಟವೇ. ಆದರೂ ಪ್ರಯತ್ನ ಮಾಡುತ್ತೇನೆ.

ಈ ವಿಷಯ ಯಾಕೆ ಎಂದರೆ, ನಮ್ಮ ಸಂಘದ ಮನೆಗಳಲ್ಲೇ ಈಗ ಮೂರು ಹೆಣ್ಣುಮಕ್ಕಳು ಡ್ರಮ್ಸ್ ಕಲಿಯುತ್ತಿದ್ದಾರೆ. ನನ್ನ ಮಗಳು ಅವರಲ್ಲಿ ಒಬ್ಬಳು. ಇನ್ನೂ ಒಂದಿಬ್ಬರು ಸೇರಿ, ಕೆಲವು ತಿಂಗಳು ಕಲಿತು, "ಕೈ ಬರುತ್ತೆ, ಕಾಲು ಬರಲ್ಲ" ಎಂದು ಬಿಟ್ಟರು. ಆ "ಕಾಲು ಬರಲ್ಲ" ಎನ್ನುವ ಮಾತನ್ನೇ ಇವತ್ತು ಸ್ವಲ್ಪ ಬಿಡಿಸಿ ನೋಡೋಣ ಅಂತ.

ಪೆಡಲ್ ಎಂದರೆ ಏನು?

ಡ್ರಮ್ ಸೆಟ್ಟಿನಲ್ಲಿ ನೆಲದ ಮೇಲೆ ಅಡ್ಡಲಾಗಿ ಕೂತಿರುವ ದೊಡ್ಡ ಡ್ರಮ್ ಇದೆಯಲ್ಲ, ಅದು ಬೇಸ್ ಡ್ರಮ್. ಸಾಮಾನ್ಯವಾಗಿ ಅದರ ಅಡ್ಡಳತೆ 22 ಇಂಚು, ಚಿಕ್ಕವು 20, 18 ಇಂಚು, ಮಕ್ಕಳ ಸೆಟ್ಟಿನಲ್ಲಿ 16 ಇಂಚು. ಕೈಗಳೆರಡೂ ಬೇರೆ ಕೆಲಸದಲ್ಲಿ ಇರುವುದರಿಂದ ಇದನ್ನು ಬಾರಿಸುವುದು ಬಲಗಾಲು. ಕಾಲು ಒಂದು ಹಲಗೆಯನ್ನು ತುಳಿಯುತ್ತದೆ. ಹಲಗೆಯ ತುದಿಗೆ ಕಟ್ಟಿದ ಚೈನೋ ಪಟ್ಟಿಯೋ ಮೇಲಿನ ಚಕ್ರವನ್ನು ಎಳೆಯುತ್ತದೆ. ಚಕ್ರದ ಜೊತೆ ತಿರುಗುವ ಅಚ್ಚಿಗೆ ಒಂದು ಕೋಲು ಸಿಕ್ಕಿಸಿರುತ್ತಾರೆ, ಅದರ ತುದಿಯಲ್ಲಿ ಉಂಡೆಯಂಥ ಬೀಟರ್. ಅದು ಹೋಗಿ ಡ್ರಮ್ಮಿಗೆ ಬಡಿಯುತ್ತದೆ. ಪಕ್ಕದಲ್ಲಿರುವ ಸ್ಪ್ರಿಂಗ್ ಅದನ್ನು ಮತ್ತೆ ಹಿಂದಕ್ಕೆ ತರುತ್ತದೆ. ಇಷ್ಟೇ.

ಅಜ್ಜಿಯರ ಕಾಲಿನ ಹೊಲಿಗೆ ಯಂತ್ರ ನೋಡಿದವರಿಗೆ ಇದು ಹೊಸದಲ್ಲ. ಕೆಳಗೆ ತುಳಿಯುವ ಹಲಗೆ, ಮೇಲೆ ತಿರುಗುವ ಚಕ್ರ, ನಡುವೆ ಒಂದು ಬೆಲ್ಟು. ಕಾಲಿನ ಏರಿಳಿತವನ್ನು ತಿರುಗುವಿಕೆಗೆ ಬದಲಾಯಿಸುವ ಉಪಾಯ ಎರಡರಲ್ಲೂ ಒಂದೇ. ವ್ಯತ್ಯಾಸ ಏನೆಂದರೆ ಹೊಲಿಗೆ ಯಂತ್ರದ ಚಕ್ರ ಪೂರ್ತಿ ಸುತ್ತುತ್ತದೆ, ಪೆಡಲ್ಲಿನದು ಸ್ವಲ್ಪ ತಿರುಗಿ ವಾಪಸ್ಸು ಬರುತ್ತದೆ.

ಒಂದು ಕಾಲದಲ್ಲಿ ಬೇಸ್ ಡ್ರಮ್ಮಿಗೆ ಒಬ್ಬ, ಸಣ್ಣ ಡ್ರಮ್ಮಿಗೆ ಒಬ್ಬ, ತಾಳಕ್ಕೆ ಇನ್ನೊಬ್ಬ ಬೇಕಾಗುತ್ತಿತ್ತು. ನಾಟಕ ಥಿಯೇಟರಿನ ಇಕ್ಕಟ್ಟಾದ ಜಾಗದಲ್ಲಿ ಒಬ್ಬನೇ ಎಲ್ಲ ಬಾರಿಸಬೇಕಾದಾಗ ಪೆಡಲ್ ಹುಟ್ಟಿತು. ಮೊದಮೊದಲ ಪೆಡಲ್‌ಗಳು ನಿಧಾನ. ಷಿಕಾಗೋದಲ್ಲಿ ಥಿಯೇಟರ್ ಡ್ರಮ್ಮರ್ ಆಗಿದ್ದ ವಿಲಿಯಂ ಲುಡ್ವಿಗ್‌ಗೆ ಆಗಿನ ಹೊಸ ರಾಗ್‌ಟೈಮ್ ಸಂಗೀತದ ವೇಗಕ್ಕೆ ಅದು ಸಾಲಲಿಲ್ಲ. ತನ್ನ ಕಾಲಿಗೆ ಒಗ್ಗುವ ಚುರುಕಾದ ಪೆಡಲ್ಲೊಂದನ್ನು ತಾನೇ ಮಾಡಿಕೊಂಡ. ಬೇರೆಯವರೂ ಕೇಳತೊಡಗಿದಾಗ ಅಣ್ಣತಮ್ಮಂದಿರು ಸೇರಿ 1909ರಲ್ಲಿ ಕಂಪನಿ ಶುರು ಮಾಡಿದರು. ಇದನ್ನು ಹೇಳಿದ್ದಕ್ಕೆ ಕಾರಣ ಇದೆ. ಹೆಸರಾದ ಆ ಪೆಡಲ್ ಹುಟ್ಟಿದ್ದೇ ಒಬ್ಬ ಮನುಷ್ಯನ ಕಾಲಿಗೆ ಹೊಂದಿಸಲು. ಕಾಲನ್ನು ಪೆಡಲ್ಲಿಗೆ ಹೊಂದಿಸಲು ಅಲ್ಲ.

ಈ ಡ್ರಮ್ಸ್ ನಮ್ಮ ಸಂಗೀತ ಅಲ್ಲವಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಕನ್ನಡ ಚಿತ್ರರಂಗ ದಶಕಗಳ ಕಾಲ ಇದೇ ಮದರಾಸಿನಲ್ಲಿತ್ತು. ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ನಮ್ಮ ಎಷ್ಟೋ ಹಾಡುಗಳು ಧ್ವನಿಮುದ್ರಣವಾಗಿವೆ. ಇಳಯರಾಜ ಅವರು ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು. 1981ರಲ್ಲಿ ಅವರ ಸಂಗೀತದಲ್ಲಿ ಬಂದ ಶಂಕರ್ ನಾಗ್ ಅವರ 'ಗೀತಾ' ಚಿತ್ರದ ಹಾಡುಗಳನ್ನು ಇವತ್ತು ಮನೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಗೊತ್ತಿಲ್ಲದೆ ಕಾಲು ಕುಣಿಯುತ್ತದಲ್ಲ, ಆ ಕುಣಿಸುವ ಕೆಲಸದಲ್ಲಿ ಬೇಸ್ ಡ್ರಮ್ಮಿನ ಪಾಲು ದೊಡ್ಡದು.

ಕಾಲಲ್ಲಿ ಬಲ ಇಲ್ಲವಂತೆ

ನನ್ನ ಮಗಳಿಗೆ ಒಂಬತ್ತು ವರ್ಷ. ಮನೆ ಹತ್ತಿರದ ಒಂದು ಕ್ಲಾಸಿಗೆ ಹೋಗುತ್ತಾಳೆ. ಮೂರು ತಿಂಗಳಾದ ಮೇಲೆ ಅಲ್ಲಿನ ಮೇಷ್ಟ್ರು ನನ್ನನ್ನು ಕರೆದು, "ಮೇಡಂ, ಕೈ ತುಂಬಾ ಚೆನ್ನಾಗಿದೆ. ಕಾಲಲ್ಲಿ ಬಲ ಇಲ್ಲ. ಹೆಣ್ಣುಮಕ್ಕಳಿಗೆ ಸ್ವಲ್ಪ ಕಷ್ಟ. ಕೀಬೋರ್ಡ್‌ಗೆ ಬದಲಾಯಿಸೋಣವಾ?" ಎಂದರು. ಅವರು ಒಳ್ಳೆಯವರೇ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಪಕ್ಕದಲ್ಲೇ ನಿಂತಿದ್ದ ಮಗು ಅದನ್ನು ಕೇಳಿಸಿಕೊಂಡಿತು. ಆ ವಾರವೆಲ್ಲ ಅವಳು ಊಟಕ್ಕೆ ಕೂತಾಗ ಮೇಜಿನ ಮೇಲೆ ಬೆರಳು ಬಡಿಯುವುದನ್ನೇ ನಿಲ್ಲಿಸಿದ್ದಳು.

ಆಗ ನಮ್ಮ ಅತ್ತೆ ತಿಪಟೂರಿನಿಂದ ಬಂದು ನಮ್ಮ ಜೊತೆ ಇದ್ದರು. ಅವರು ಮೂವತ್ತು ವರ್ಷ ಹೊಲಿಗೆ ಮಾಡಿ ಮಕ್ಕಳನ್ನು ಓದಿಸಿದವರು. ಮುಂದಿನ ಶನಿವಾರ ಮೊಮ್ಮಗಳ ಜೊತೆ ಕ್ಲಾಸಿಗೆ ಹೋಗಿ ಒಂದು ಗಂಟೆ ಕುರ್ಚಿಯಲ್ಲಿ ಕೂತು ನೋಡಿದರು. ನಾನು ಕರೆದುಕೊಂಡು ಬರಲು ಹೋದಾಗ ಹೇಳಿದರು: "ಮಗು ಕಾಲಲ್ಲಿ ತುಳೀತಿಲ್ಲ ಕಣಮ್ಮ, ಸೊಂಟದಿಂದ ತುಳೀತಿದೆ. ಮಿಷನ್ ಬೆಲ್ಟು ಬಿಗಿಯಾಗಿದ್ರೆ ನಾವೂ ಹಿಂಗೇ ತುಳೀತಿದ್ವಿ. ಎಲ್ಲೋ ಒಂದು ಕಡೆ ಬಿಗಿ ಜಾಸ್ತಿ ಆಗಿದೆ, ಸಡಿಲ ಮಾಡ್ಸು."

ನಾನು ಬಗ್ಗಿ ನೋಡಿದೆ. ಸ್ಪ್ರಿಂಗ್ ಕೆಳಗಿನ ನಟ್ಟನ್ನು ಹೆಚ್ಚುಕಡಿಮೆ ಕೊನೆಯವರೆಗೆ ಬಿಗಿದಿದ್ದರು. ಅದೇ ಪೆಡಲ್ಲಿನಲ್ಲಿ ಸಂಜೆ ಕಾಲೇಜು ಹುಡುಗರು ಬೂಟು ಹಾಕಿಕೊಂಡು ಬಾರಿಸುತ್ತಾರೆ. ಅವರ ತೂಕ ಎಪ್ಪತ್ತು ಕೆ.ಜಿ., ಇವಳದ್ದು ಇಪ್ಪತ್ತಾರು. ಮೇಷ್ಟ್ರನ್ನು ಕೇಳಿದಾಗ ಅವರು ಸಂತೋಷದಿಂದಲೇ ಒಪ್ಪಿದರು. ನಟ್ಟನ್ನು ಸುತ್ತು ಎಣಿಸಿಕೊಂಡು ಸಡಿಲಿಸಿದೆವು, ಬೀಟರ್ ಹಿಂದಕ್ಕೆ ವಾಲುವ ಕೋನ ಕಡಿಮೆ ಮಾಡಿದೆವು, ಕೂರುವ ಸ್ಟೂಲನ್ನು ತಗ್ಗಿಸಿದೆವು. ಅವಳ ತರಗತಿ ಮುಗಿದ ಮೇಲೆ ಎಣಿಸಿದಷ್ಟೇ ಸುತ್ತು ಮತ್ತೆ ಬಿಗಿದು ಇಟ್ಟೆವು.

ಅವತ್ತೇ ಪವಾಡ ಆಯಿತು ಎಂದು ಹೇಳುವುದಿಲ್ಲ. ಆದರೆ ಮೂರನೇ ವಾರಕ್ಕೆ ಅವಳು ಒಂದು ಪೂರ್ತಿ ಹಾಡಿಗೆ ಕಾಲು ತಪ್ಪದೆ ಬಾರಿಸಿದಳು. ಕೀಬೋರ್ಡಿನ ಮಾತು ಮತ್ತೆ ಬರಲಿಲ್ಲ.

ಬಲ ಇಲ್ಲದ್ದು ಕಾಲಿಗಲ್ಲ. ಬೇರೆ ಯಾರದೋ ಕಾಲಿಗೆ ಬಿಗಿದ ಸ್ಪ್ರಿಂಗಿನ ಮುಂದೆ ಮಗುವನ್ನು ಕೂರಿಸಿದ್ದೆವು, ಅಷ್ಟೇ. ಹಾಗಾಗಿ ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಡ್ರಮ್ ಸೆಟ್ಟಿನಲ್ಲಿ ಬಾಕಿ ಏನನ್ನಾದರೂ ಹಂಚಿಕೊಳ್ಳಬಹುದು. ಪೆಡಲ್ ಮಾತ್ರ ಚಪ್ಪಲಿ ಇದ್ದ ಹಾಗೆ. ಹಾಕಿಕೊಳ್ಳುವವರ ಕಾಲಿನ ಅಳತೆಯಿಂದಲೇ ಆರಿಸಬೇಕು. ಎಷ್ಟೋ ವೃತ್ತಿಪರ ಡ್ರಮ್ಮರ್‌ಗಳು ಕಾರ್ಯಕ್ರಮಕ್ಕೆ ಹೋದಾಗ ಅಲ್ಲಿರುವ ಡ್ರಮ್‌ಗಳನ್ನೇ ಬಾರಿಸುತ್ತಾರೆ, ಆದರೆ ಪೆಡಲ್ ತಮ್ಮ ಚೀಲದಲ್ಲಿ ತರುತ್ತಾರೆ. ನಮ್ಮ ಮನೆಯಲ್ಲೂ ಮೊದಲು ಕೊಂಡದ್ದು ಸೆಟ್ಟನ್ನಲ್ಲ, ಪೆಡಲ್ಲನ್ನೇ. ಅದನ್ನು ಕ್ಲಾಸಿಗೆ ಹೊತ್ತುಕೊಂಡು ಹೋಗುತ್ತಾಳೆ. ಪೂರ್ತಿ ಸೆಟ್ ಕೊಳ್ಳುವ ಖರ್ಚಿಗೆ ಹೋಲಿಸಿದರೆ ಇದು ಚಿಕ್ಕದು, ಮಗು ಮುಂದುವರಿಸುತ್ತಾಳೋ ಇಲ್ಲವೋ ಎಂದು ನೋಡಲೂ ಸಮಯ ಸಿಗುತ್ತದೆ.

ಈಗ ಪೆಡಲ್ ಆರಿಸುವಾಗ ಏನೇನು ನೋಡಬೇಕು ಎಂದು ಒಂದೊಂದಾಗಿ ಹೇಳುತ್ತೇನೆ.

ಸ್ಪ್ರಿಂಗ್

ಎಲ್ಲಕ್ಕಿಂತ ಮುಖ್ಯ ಇದು. ಸ್ಪ್ರಿಂಗ್ ಬಿಗಿಯಾದಷ್ಟೂ ಬೀಟರ್ ಬೇಗ ವಾಪಸ್ಸು ಬರುತ್ತದೆ, ಆದರೆ ಪ್ರತಿ ಸಲ ತುಳಿಯಲೂ ಹೆಚ್ಚು ಶ್ರಮ ಬೇಕು. ತೀರಾ ಸಡಿಲವಾದರೆ ತುಳಿಯುವುದು ಸುಲಭ, ಆದರೆ ಹಲಗೆ ಕಾಲಿನ ಹಿಂದೆ ಎದ್ದು ಬರುವುದಿಲ್ಲ, ಎರಡನೇ ಪೆಟ್ಟು ತಡವಾಗುತ್ತದೆ. ಸರಿಯಾದ ಹದ ಕಂಡುಹಿಡಿಯಲು ಸುಲಭ ದಾರಿ ಇದೆ. ಪಾದವನ್ನು ಹಲಗೆಯ ಮೇಲೆ ಬಿಗಿ ಇಲ್ಲದೆ ಸುಮ್ಮನೆ ಇಡಿ. ಪಾದದ ತೂಕಕ್ಕೇ ಬೀಟರ್ ಹೋಗಿ ಡ್ರಮ್ಮಿಗೆ ಒರಗಿದರೆ ಸಡಿಲ ಜಾಸ್ತಿ. ಪಾದ ಇಟ್ಟರೂ ಹಲಗೆ ಅಲುಗದೆ ಕೆಳಗಿನಿಂದ ಒತ್ತುತ್ತಿದ್ದರೆ ಬಿಗಿ ಜಾಸ್ತಿ. ಪಾದದ ಭಾರವನ್ನು ಹೊತ್ತುಕೊಂಡು ಸ್ವಲ್ಪ ಬಾಗಿ ನಿಂತರೆ ಅದು ಆ ಪಾದದ ಹದ.

ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಸ್ಪ್ರಿಂಗಿನ ಬಿಗಿಯನ್ನು ಕೈಯಲ್ಲೇ ಬದಲಾಯಿಸಬಹುದಾ, ಬದಲಾಯಿಸಿದ ಮೇಲೆ ತಾನಾಗಿ ಸಡಿಲವಾಗದಂತೆ ಲಾಕ್ ನಟ್ ಇದೆಯಾ? ಬೆಳೆಯುವ ಮಕ್ಕಳಿಗೆ ಇದು ಬೇಕೇ ಬೇಕು. ಈ ವರ್ಷದ ಹದ ಮುಂದಿನ ವರ್ಷಕ್ಕೆ ಆಗುವುದಿಲ್ಲ.

ಚೈನು, ಪಟ್ಟಿ, ಕಂಬಿ

ಹಲಗೆಯನ್ನು ಮೇಲಿನ ಚಕ್ರಕ್ಕೆ ಸೇರಿಸುವ ವಿಧಾನ ಮೂರು ಬಗೆ. ಹಳೆಯದು ಪಟ್ಟಿ. ಹಿಂದೆ ಚರ್ಮದ್ದಿತ್ತು, ಈಗ ನೈಲಾನಿನದು. ತೂಕ ಕಡಿಮೆ, ಸದ್ದು ಕಡಿಮೆ, ತುಳಿತ ಮೆತ್ತಗೆ.

ಎರಡನೆಯದು ಚೈನು, ಈಗ ಅಂಗಡಿಯಲ್ಲಿ ಹೆಚ್ಚು ಕಾಣುವುದು ಇದೇ. ನೋಡಲು ಸೈಕಲ್ ಚೈನಿನ ಹಾಗೆಯೇ ಇರುತ್ತದೆ. ಅಂಬತ್ತೂರಿನವರಿಗೆ ಸೈಕಲ್ ಚೈನಿನ ಬಗ್ಗೆ ಹೇಳಬೇಕೇ! 1949ರಲ್ಲಿ ಟಿಐ ಸೈಕಲ್ಸ್ ಶುರುವಾಗಿದ್ದೇ ನಮ್ಮ ಊರಲ್ಲಿ. ಚೈನಿನ ಕೆಳಗೆ ಸ್ವಲ್ಪ ತೂಕ ಸಿಗುತ್ತದೆ, ಎಳೆತ ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ. ಒಂಟಿ ಚೈನು, ಜೋಡಿ ಚೈನು ಎಂದು ಎರಡು ಬಗೆ. ಜೋಡಿ ಚೈನು ಪಕ್ಕಕ್ಕೆ ಅಲುಗುವುದು ಕಡಿಮೆ, ಆದರೆ ತೂಕ ಹೆಚ್ಚು. ಮಕ್ಕಳಿಗೆ, ಹಗುರ ಪಾದದವರಿಗೆ ಒಂಟಿ ಚೈನು ಧಾರಾಳ ಸಾಕು. ಯಮಹಾ ಎಫ್‌ಪಿ7210ಎ ಇಂಥ ಹಗುರವಾದ ಒಂಟಿ ಚೈನಿನ ಪೆಡಲ್, ಅಡಿಯಲ್ಲಿ ದೊಡ್ಡ ತಗಡೂ ಇಲ್ಲದ್ದರಿಂದ ಮಡಿಚಿ ಚೀಲಕ್ಕೆ ಹಾಕಿಕೊಳ್ಳಬಹುದು. ಡಿಡಬ್ಲ್ಯೂ 5000ದಂಥವು ಗಟ್ಟಿ ತಳದ, ಭಾರವಾದ, ಬೆಲೆಯೂ ಹೆಚ್ಚಾದ ಪೆಡಲ್‌ಗಳು. ವೇದಿಕೆಯ ಮೇಲೆ ದಿನವೂ ಬಾರಿಸುವವರಿಗೆ ಅವು ಸರಿ.

ಮೂರನೆಯದರಲ್ಲಿ ಚೈನಿನ ಬದಲು ಗಟ್ಟಿ ಲೋಹದ ಕಂಬಿ ಇರುತ್ತದೆ. ಇದನ್ನು ಡೈರೆಕ್ಟ್ ಡ್ರೈವ್ ಎನ್ನುತ್ತಾರೆ. ಪರ್ಲ್ ಕಂಪನಿಯ ಡೀಮನ್ ಡ್ರೈವ್ ಈ ಜಾತಿಯದು. ಕಾಲು ಮಾಡಿದ್ದೆಲ್ಲ ಹಾಗೆಯೇ ಬೀಟರಿಗೆ ತಲುಪುತ್ತದೆ, ಒಳ್ಳೆಯದೂ, ತಪ್ಪೂ. ತುಂಬ ವೇಗವಾಗಿ ಬಾರಿಸುವವರು ಇಷ್ಟಪಡುತ್ತಾರೆ. ಆರಂಭಕ್ಕೆ ಅಗತ್ಯ ಇಲ್ಲ.

ಇದರ ಜೊತೆ ಮೇಲಿನ ಚಕ್ರದ ಆಕಾರವನ್ನೂ ನೋಡಿ. ಪೂರ್ತಿ ಗುಂಡಾಗಿದ್ದರೆ ಶುರುವಿನಿಂದ ಕೊನೆಯವರೆಗೆ ಒಂದೇ ರೀತಿ ಎಳೆಯುತ್ತದೆ. ಒಂದು ಕಡೆ ಉಬ್ಬಿದ್ದರೆ ಬೀಟರ್ ಡ್ರಮ್ಮಿನ ಹತ್ತಿರ ಬರುತ್ತಿದ್ದಂತೆ ವೇಗ ಹೆಚ್ಚುತ್ತದೆ, ಪೆಟ್ಟು ಜೋರಾಗುತ್ತದೆ. ತಾಮಾ ಕಂಪನಿಯ ಐರನ್ ಕೋಬ್ರಾದಲ್ಲಿ ಗುಂಡನೆಯದಕ್ಕೆ ರೋಲಿಂಗ್ ಗ್ಲೈಡ್, ಉಬ್ಬಿದ್ದಕ್ಕೆ ಪವರ್ ಗ್ಲೈಡ್ ಎಂದು ಹೆಸರಿಟ್ಟಿದ್ದಾರೆ. ಕಲಿಯುವವರಿಗೆ ಗುಂಡನೆಯದೇ ಒಳ್ಳೆಯದು. ಕಾಲಿಗೆ ಮೊದಲು ಸಮನಾದ ತುಳಿತ ರೂಢಿಯಾಗಲಿ.

ಪಾದ ಇಡುವ ಹಲಗೆ

ಇಲ್ಲಿ ನಮ್ಮ ಮನೆಗಳಿಗೆ ಮಾತ್ರ ಅನ್ವಯಿಸುವ ಒಂದು ವಿಷಯ ಇದೆ. ಪೆಡಲ್ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಬರೆಯುವವರಲ್ಲಿ ಹೆಚ್ಚಿನವರು ಶೂ ಹಾಕಿಕೊಂಡು ಬಾರಿಸುವವರು. ನಾವು ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ, ವಾದ್ಯದ ಮುಂದಂತೂ ಇಲ್ಲವೇ ಇಲ್ಲ. ಹಾಗಾದರೆ ಅಂಗಡಿಯಲ್ಲೂ ಬರಿಗಾಲಿನಲ್ಲೇ ಪರೀಕ್ಷಿಸಿ. ಕಾಲು ಜಾರದಿರಲಿ ಎಂದು ಹಲಗೆಯ ಮೇಲೆ ಉಬ್ಬು ಅಕ್ಷರ, ತೂತು, ಗೀರು ಮಾಡಿರುತ್ತಾರೆ. ಶೂ ಹಾಕಿದವರಿಗೆ ಅದು ಅನುಕೂಲ. ಬರಿಗಾಲಿನ ಮಗು ಅರ್ಧ ಗಂಟೆ ಬಾರಿಸಿದರೆ ಪಾದ ಕೆಂಪಾಗುತ್ತದೆ. ನುಣುಪಾದ ಹಲಗೆ ನಮಗೆ ಒಳ್ಳೆಯದು. ದೊಡ್ಡವರು ಕಲಿಯುವುದಾದರೆ ಕಾಲುಂಗುರ ಹಲಗೆಗೆ ತಾಗುತ್ತದಾ, ಸೀರೆಯ ಅಂಚು, ಕಾಲ್ಗೆಜ್ಜೆ ಚೈನಿಗೆ ಸಿಕ್ಕುತ್ತದಾ ಎಂದೂ ನೋಡಿಕೊಳ್ಳಿ. ನಗಬೇಡಿ, ಇದನ್ನು ಯಾವ ಕಂಪನಿಯ ಕೈಪಿಡಿಯಲ್ಲೂ ಬರೆದಿರುವುದಿಲ್ಲ.

ಹಲಗೆಗಳಲ್ಲಿ ಉದ್ದ, ಗಿಡ್ಡ ಎಂದು ಎರಡು ಅಳತೆ. ಗಿಡ್ಡದರಲ್ಲಿ ಹಿಮ್ಮಡಿಯ ಕೆಳಗೆ ಬೇರೆ ತಟ್ಟೆ ಇರುತ್ತದೆ, ಕೀಲು ಪಾದದ ಕೆಳಗೆ ಬರುತ್ತದೆ. ಹಿಮ್ಮಡಿ ಊರಿ ಬಾರಿಸುವವರಿಗೆ ಇದು ಹಿತ. ಉದ್ದದ್ದರಲ್ಲಿ ಹಲಗೆ ಹಿಮ್ಮಡಿಯವರೆಗೂ ಹೋಗುತ್ತದೆ, ಹಿಮ್ಮಡಿ ಎತ್ತಿ ವೇಗವಾಗಿ ಬಾರಿಸುವವರು ಇದನ್ನು ಬಯಸುತ್ತಾರೆ. ಚಿಕ್ಕ ಪಾದಕ್ಕೆ ಉದ್ದದ ಹಲಗೆ ಕೊಟ್ಟರೆ, ಹಿಮ್ಮಡಿಯನ್ನು ಕೆಳಗೆ ಊರಿದಾಗ ಬೆರಳುಗಳು ಹಲಗೆಯ ನಡುವಿಗಷ್ಟೇ ತಲುಪುತ್ತವೆ. ಬಾಗಿಲನ್ನು ಹಿಡಿಯ ಹತ್ತಿರ ತಳ್ಳುವುದಕ್ಕೂ ಕೀಲಿನ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸ ಅದು. ಅದೇ ಪೆಟ್ಟಿಗೆ ಹೆಚ್ಚು ಬಲ ಬೇಕಾಗುತ್ತದೆ. ಆಮೇಲೆ ಮತ್ತೆ ಅದೇ ಮಾತು, ಕಾಲಲ್ಲಿ ಬಲ ಇಲ್ಲ ಅಂತ!

ಕೂರುವ ಎತ್ತರವೂ ಇದಕ್ಕೆ ಸೇರಿದ್ದು. ತೊಡೆ ಮಂಡಿಯ ಕಡೆಗೆ ತುಸು ಇಳಿಜಾರಾಗಿರಬೇಕು. ಸ್ಟೂಲು ಎತ್ತರವಾಗಿ ಮಗುವಿನ ಕಾಲು ತೂಗಾಡುತ್ತಿದ್ದರೆ ಎಂಥ ಪೆಡಲ್ ತಂದರೂ ಪ್ರಯೋಜನವಿಲ್ಲ.

ಬೀಟರ್

ಬೀಟರ್ ತುದಿ ಉಣ್ಣೆಯ ಫೆಲ್ಟ್, ಪ್ಲಾಸ್ಟಿಕ್, ರಬ್ಬರ್ ಅಥವಾ ಮರದ್ದಿರುತ್ತದೆ. ಫೆಲ್ಟ್ ಮೆತ್ತನೆಯ, ತುಂಬಿದ ನಾದ ಕೊಡುತ್ತದೆ. ಪ್ಲಾಸ್ಟಿಕ್, ಮರದಿಂದ ಚುರುಕಾದ 'ಟಕ್' ಎನ್ನುವ ಪೆಟ್ಟು ಬರುತ್ತದೆ. ಕೆಲವು ಬೀಟರಿನಲ್ಲಿ ಒಂದು ಮುಖ ಫೆಲ್ಟ್, ಇನ್ನೊಂದು ಮುಖ ಪ್ಲಾಸ್ಟಿಕ್. ಆರಂಭಕ್ಕೆ ಇಂಥದ್ದೇ ಅನುಕೂಲ. ಎಲೆಕ್ಟ್ರಾನಿಕ್ ಸೆಟ್ ಇರುವವರು ಒಂದು ಎಚ್ಚರಿಕೆ ವಹಿಸಿ: ಎಲ್ಲ ಪ್ಯಾಡಿಗೂ ಎಲ್ಲ ಬೀಟರ್ ಆಗುವುದಿಲ್ಲ, ಬಲೆಯಂಥ ಮೆಷ್ ಹೊದಿಕೆ ಬೇಗ ಸವೆಯಬಹುದು. ಪ್ಯಾಡಿನ ಕೈಪಿಡಿ ಯಾವುದನ್ನು ಹೇಳುತ್ತದೋ ಅದನ್ನೇ ಹಾಕಿ.

ಬೀಟರ್ ಕೋಲಿನ ಎತ್ತರವನ್ನೂ ಹೊಂದಿಸಬಹುದು. ದೊಡ್ಡ ಡ್ರಮ್ಮಿಗೆ ಇಟ್ಟ ಎತ್ತರದಲ್ಲೇ 16 ಇಂಚಿನ ಡ್ರಮ್ಮಿಗೆ ಬಳಸಿದರೆ ಪೆಟ್ಟು ನಡುವೆ ಬೀಳದೆ ಮೇಲೆ ಬೀಳುತ್ತದೆ. ಕೋಲನ್ನು ಕೆಳಗಿಳಿಸಿ. ಕೋಲು ಗಿಡ್ಡವಾದರೆ ಬೀಟರ್ ತೂಗುವ ಭಾರವೂ ಕಡಿಮೆ ಅನ್ನಿಸುತ್ತದೆ, ಚಿಕ್ಕ ಕಾಲಿಗೆ ಅದು ಎರಡನೇ ಲಾಭ. ಕೋಲು ಹಿಂದಕ್ಕೆ ಹೆಚ್ಚು ವಾಲಿದ್ದರೆ ಪೆಟ್ಟು ಜೋರು, ಆದರೆ ದೂರವೂ ಹೆಚ್ಚು, ಶ್ರಮವೂ ಹೆಚ್ಚು. ಮಕ್ಕಳಿಗೆ ಕಡಿಮೆ ದೂರದಿಂದ ಶುರು ಮಾಡಿ.

ನೆಲ, ಮನೆ, ಕೆಳಗಿನ ಮನೆ

ನಮ್ಮ ಫ್ಲ್ಯಾಟುಗಳ ನೆಲ ನುಣುಪಾದ ಟೈಲ್ಸ್. ಅದರ ಮೇಲೆ ಪೆಡಲ್ ಇಟ್ಟು ತುಳಿದರೆ ಡ್ರಮ್ಮೇ ಮುಂದಕ್ಕೆ ನಡೆಯುತ್ತದೆ. ಮಗು ಅದನ್ನು ಹಿಂಬಾಲಿಸಿಕೊಂಡು ಕಾಲು ಚಾಚುತ್ತಾ ಹೋಗುತ್ತದೆ. ಕೆಳಗೆ ದಪ್ಪ ಮ್ಯಾಟ್ ಕಡ್ಡಾಯ. ಪೆಡಲ್ಲಿನ ಅಡಿಯಲ್ಲಿ ವೆಲ್ಕ್ರೋ ಅಥವಾ ರಬ್ಬರ್ ಇದೆಯಾ ನೋಡಿ. ಡ್ರಮ್ಮಿನ ಬಳೆಗೆ ಪೆಡಲ್ಲನ್ನು ಹಿಡಿಸುವ ಕ್ಲ್ಯಾಂಪಿನ ಸ್ಕ್ರೂ ಪಕ್ಕದಲ್ಲಿದ್ದರೆ ಬಗ್ಗಿ ಒಳಗೆ ಕೈ ಹಾಕುವುದು ತಪ್ಪುತ್ತದೆ.

ಇನ್ನು ಶಬ್ದ. ನಿಜವಾದ ಡ್ರಮ್ ಸೆಟ್ಟಿನ ಹತ್ತಿರ 100 ಡೆಸಿಬಲ್ ದಾಟುವುದು ಸಾಮಾನ್ಯ. ಮಕ್ಕಳ ಕಿವಿಗೆ ರಕ್ಷಣೆ ಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಇದೆ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಹಾಗಾಗಿ ಫ್ಲ್ಯಾಟಿನಲ್ಲಿ ಎಲೆಕ್ಟ್ರಾನಿಕ್ ಸೆಟ್ಟೇ ದಾರಿ. ಹೆಡ್‌ಫೋನ್ ಹಾಕಿಕೊಂಡರೆ ಮುಗಿಯಿತು ಎಂದು ಅಂಗಡಿಯವರು ಹೇಳುತ್ತಾರೆ. ಕೈಗಳ ಮಟ್ಟಿಗೆ ಅದು ನಿಜ. ಪೆಡಲ್ ಮಾತ್ರ ನೆಲವನ್ನೇ ಗುದ್ದುತ್ತದೆ. ಮೇಲಿನ ಮನೆಯಲ್ಲಿ ಗ್ರೈಂಡರ್ ಓಡಿದರೆ ನಮ್ಮ ಹಾಲಿಗೆ ಕೇಳಿಸುತ್ತದಲ್ಲ, ಅದೇ ಕತೆ. ಶಬ್ದ ಗಾಳಿಯಲ್ಲಿ ಬರುವುದಿಲ್ಲ, ಕಾಂಕ್ರೀಟಿನಲ್ಲಿ ಬರುತ್ತದೆ. ಗ್ರೈಂಡರಿಗೆ ರಬ್ಬರ್ ಕಾಲು ಹಾಕುವ ಹಾಗೆ ಪೆಡಲ್ಲಿನ ಕೆಳಗೂ ಮೆತ್ತನೆಯ ಪದರ ಬೇಕು. ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಬಾಲ್‌ಗಳನ್ನು ಕೂರಿಸಿ ಅದರ ಮೇಲೆ ಸೆಟ್ ಇಡುವುದು ಪ್ರಪಂಚದ ಎಷ್ಟೋ ಫ್ಲ್ಯಾಟುಗಳಲ್ಲಿ ನಡೆದಿರುವ ಉಪಾಯ. ಬಡಗಿಗೆ ಒಂದು ದಿನದ ಕೆಲಸ. ರೋಲ್ಯಾಂಡ್ ಕೆಟಿ-10ರಂಥ ಸದ್ದು ಕಡಿಮೆ ಮಾಡಲೆಂದೇ ತಯಾರಿಸಿದ ಪೆಡಲ್‌ಗಳೂ ಇವೆ, ಬೆಲೆ ಹೆಚ್ಚು.

ಎಲೆಕ್ಟ್ರಾನಿಕ್ ಸೆಟ್ ಕೊಳ್ಳುವಾಗ ಇನ್ನೊಂದು ಮಾತು. ಕಡಿಮೆ ಬೆಲೆಯ ಕೆಲವು ಸೆಟ್‌ಗಳಲ್ಲಿ ಪೆಡಲ್ ಎಂದು ಕೊಡುವುದು ಬರೀ ಒಂದು ಸ್ವಿಚ್ಚು. ಬೀಟರೂ ಇಲ್ಲ, ತೂಗಾಟವೂ ಇಲ್ಲ. ಅದರಲ್ಲಿ ಅಭ್ಯಾಸ ಮಾಡಿದ ಮಗು ಕ್ಲಾಸಿನಲ್ಲಿ ನಿಜವಾದ ಪೆಡಲ್ ಮುಂದೆ ಕೂತಾಗ ಹೊಸದಾಗಿ ಕಲಿಯಬೇಕು. ನಿಜವಾದ ಪೆಡಲ್ ಜೋಡಿಸಬಹುದಾದ ಪ್ಯಾಡ್ ಇದೆಯಾ ಎಂದು ಕೇಳಿ ಕೊಳ್ಳಿ.

ಅಂಗಡಿಯಲ್ಲಿ

ಚೆನ್ನೈನವರಿಗೆ ಒಂದು ಭಾಗ್ಯ ಇದೆ. ಮೌಂಟ್ ರೋಡಿನ ಮ್ಯೂಸಿ ಮ್ಯೂಸಿಕಲ್ 1842ರಿಂದ ಇರುವ ಅಂಗಡಿ. ಟ್ರಿನಿಟಿ ಕಾಲೇಜ್ ಲಂಡನ್ ಪರೀಕ್ಷೆಗಳ ಜೊತೆಗೂ ಅದರ ಹೆಸರು ಬಹುಕಾಲದಿಂದ ಸೇರಿಕೊಂಡಿದೆ. ಅಲ್ಲಿಗೇ ಹೋಗಿ ಎಂದು ನಾನು ಹೇಳುತ್ತಿಲ್ಲ. ಆದರೆ ಪೆಡಲ್ಲನ್ನು ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಬೇಡಿ, ಯಾವುದಾದರೂ ಅಂಗಡಿಗೆ ಬಾರಿಸುವವರನ್ನೇ ಕರೆದುಕೊಂಡು ಹೋಗಿ ಎನ್ನುತ್ತೇನೆ. ಬೆಲೆ ಕೆಲವೇ ಸಾವಿರದಿಂದ ಹತ್ತಾರು ಸಾವಿರದವರೆಗೆ ಇದೆ. ಬೆಲೆಪಟ್ಟಿ ನೋಡುವ ಮೊದಲು ನಾಲ್ಕು ಪರೀಕ್ಷೆ ಮಾಡಿ.

ಒಂದು, ಬೀಟರನ್ನು ಕೈಯಲ್ಲಿ ಹಿಂದಕ್ಕೆ ಎಳೆದು ಬಿಟ್ಟುಬಿಡಿ. ತೊಟ್ಟಿಲಿನ ಹಾಗೆ ತುಂಬ ಹೊತ್ತು ತೂಗಿದರೆ ಬೇರಿಂಗ್ ಚೆನ್ನಾಗಿದೆ. ಎರಡು ಸಲ ತೂಗಿ ನಿಂತರೆ ಎಲ್ಲೋ ಉಜ್ಜುತ್ತಿದೆ. ಎರಡು, ಹಲಗೆಯನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಕೀಲು ಲೊಡಲೊಡ ಎಂದರೆ ಬೇಡ. ಮೂರು, ಅಂಗಡಿಯ ಗದ್ದಲದಲ್ಲಿ ಕಿವಿ ಹತ್ತಿರ ತಂದು ಕೀಚ್ ಎನ್ನುವ ಸದ್ದು ಇದೆಯಾ ಕೇಳಿ. ನಾಲ್ಕು, ಮಗುವಿಗೆ ಎರಡು ನಿಮಿಷ ನಿಧಾನವಾಗಿ, ಒಂದೇ ಲಯದಲ್ಲಿ ಬಾರಿಸಲು ಹೇಳಿ, ನೀವು ಪೆಡಲ್ ನೋಡಬೇಡಿ, ಮಗುವಿನ ಭುಜ ನೋಡಿ. ಭುಜ ಮೇಲೇರಿ ಸೊಂಟ ಅಲುಗಿದರೆ ಆ ಪೆಡಲ್ ಅವಳದಲ್ಲ. ಈ ನಾಲ್ಕನೇ ಪರೀಕ್ಷೆ ನಮ್ಮ ಅತ್ತೆಯವರದು.

ಎರಡು ಕಾಲಿಗೂ ಬೀಟರ್ ಇರುವ ಡಬಲ್ ಪೆಡಲ್ ನೋಡಿದರೆ ಮಕ್ಕಳು ಬೇಕೆಂದು ಹಟ ಮಾಡುತ್ತಾರೆ. ಒಂದು ಕಾಲು ನೆಟ್ಟಗಾಗುವವರೆಗೆ ಬೇಡ. ಎಡಗಾಲಿಗೆ ಹೈ-ಹ್ಯಾಟ್ ತಾಳದ ಕೆಲಸ ಆಗಲೇ ಇದೆ.

ತಂದ ಮೇಲೆ ಆರೈಕೆಯೂ ಸುಲಭ. ನಮ್ಮ ಚೆನ್ನೈ ಸೆಖೆಗೆ ಚೈನು, ಸ್ಪ್ರಿಂಗ್ ತುಕ್ಕು ಹಿಡಿಯುತ್ತವೆ. ತಿಂಗಳಿಗೊಮ್ಮೆ ಬಟ್ಟೆಯಲ್ಲಿ ಒರೆಸಿ, ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಡಿ. ಹೆಚ್ಚಾದರೆ ಧೂಳು ಅಂಟುತ್ತದೆ.

ಹೆಣ್ಣುಮಕ್ಕಳಿಗೆ ಕಷ್ಟ ಎನ್ನುವ ಮಾತು

ಕೊನೆಯದಾಗಿ ಇದೊಂದನ್ನು ಹೇಳಿ ಮುಗಿಸುತ್ತೇನೆ. ಘಟಂ ಕಲಾವಿದೆ ಸುಕನ್ಯಾ ರಾಮಗೋಪಾಲ್ ಅವರ ಹೆಸರು ನಿಮಗೆ ಗೊತ್ತು. ತಮಿಳುನಾಡಿನಲ್ಲಿ ಹುಟ್ಟಿ, ಚೆನ್ನೈನಲ್ಲಿ ಕಲಿತು, ಬೆಂಗಳೂರಿನಲ್ಲಿ ನೆಲೆಸಿದವರು. ಶ್ರೀ ಜಯಗಣೇಶ ತಾಳವಾದ್ಯ ವಿದ್ಯಾಲಯದಲ್ಲಿ ಅವರು ಘಟಂ ಕಲಿಯಬೇಕೆಂದಾಗ ವಿಕ್ಕು ವಿನಾಯಕರಾಂ ಅವರು, ಹುಡುಗಿಯರಿಗೆ ಇದು ಕಷ್ಟ ಎಂದೇ ಹೇಳಿದ್ದರು. ಅವರ ತಂದೆ ಹರಿಹರ ಶರ್ಮಾ ಅವರು ತಾವೇ ಕಲಿಸಲು ಮುಂದೆ ಬಂದರು. ಮುಂದೆ ಸುಕನ್ಯಾ ಅವರು ಬೇರೆ ಬೇರೆ ಶ್ರುತಿಯ ಹಲವು ಘಟಗಳನ್ನು ಸುತ್ತ ಇಟ್ಟುಕೊಂಡು ಘಟತರಂಗವನ್ನೇ ನುಡಿಸಿದರು. ಘಟದಲ್ಲೂ ಬಗೆಗಳಿವೆ ನೋಡಿ. ಮಾನಾಮದುರೈ ಘಟ ದಪ್ಪ, ಭಾರ, ಬೆರಳಿಗೆ ಶ್ರಮ. ಮದ್ರಾಸ್ ಘಟ ಹಗುರ. ಕೈಗೆ ತಕ್ಕ ಮಡಕೆ ಆರಿಸುವುದನ್ನು ಯಾರೂ ದೌರ್ಬಲ್ಯ ಎನ್ನುವುದಿಲ್ಲ.

ಅಮೆರಿಕದಲ್ಲಿ ವಯೋಲಾ ಸ್ಮಿತ್ ಎನ್ನುವ ಡ್ರಮ್ಮರ್ ಇದ್ದರು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದ 1942ರಲ್ಲಿ ಅವರು 'ಡೌನ್ ಬೀಟ್' ಪತ್ರಿಕೆಯಲ್ಲಿ, ಖಾಲಿಯಾದ ಜಾಗಗಳಿಗೆ ವಾದ್ಯ ನುಡಿಸುವ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳಿ ಎಂದು ವಾದಿಸಿ ಬರೆದರು. 2020ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಅಷ್ಟು ವರ್ಷ ಬಾಳಿದ ದೇಹದಲ್ಲಿ ಬಲ ಇರಲಿಲ್ಲ ಎಂದು ಯಾರು ಹೇಳುತ್ತಾರೆ?

ನಮ್ಮ ಮಕ್ಕಳಿಗೆ ಯಾವುದೋ ಒಂದು "ಬರಲ್ಲ" ಎಂದು ಯಾರಾದರೂ ಹೇಳಿದಾಗ, ಅದು ಸಂಗೀತವಿರಲಿ, ಗಣಿತವಿರಲಿ, ಆಟವಿರಲಿ, ಮಗುವನ್ನು ಬದಲಾಯಿಸುವ ಮೊದಲು ಒಮ್ಮೆ ಬಗ್ಗಿ ನಟ್ಟು ನೋಡೋಣ. ಎಲ್ಲ ಸಲವೂ ತಪ್ಪು ನಟ್ಟಿನದೇ ಆಗಿರುವುದಿಲ್ಲ. ಕೆಲವು ಮಕ್ಕಳಿಗೆ ನಿಜಕ್ಕೂ ಇಷ್ಟವಿರುವುದಿಲ್ಲ, ಆಗ ಬಿಡಲಿ. ಆದರೆ ಇಷ್ಟವಿದ್ದ ಮಗು, ತನ್ನ ಕಾಲೇ ಸರಿ ಇಲ್ಲ ಎಂದು ನಂಬಿಕೊಂಡು ಎದ್ದು ಹೋಗಬಾರದು.

ಡ್ರಮ್ಸ್ ಕಲಿಯಬೇಕೆನ್ನುವ ಮಕ್ಕಳು, ಅಮ್ಮಂದಿರು ಯಾರಿದ್ದರೂ ನಮ್ಮ ಮನೆಗೆ ಬನ್ನಿ. ನಮ್ಮ ಪೆಡಲ್ ಮೇಲೆ ಕಾಲಿಟ್ಟು ನೋಡಿ. ನಟ್ಟನ್ನು ನಿಮ್ಮ ಕಾಲಿಗೆ ಎಷ್ಟು ಬೇಕೋ ಅಷ್ಟು ತಿರುಗಿಸಿಕೊಳ್ಳಿ, ಸುತ್ತು ಎಷ್ಟು ಎಂದು ಎಣಿಸಿಕೊಂಡರೆ ಸಾಕು. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಮ್ಮ ಹುಡುಗಿಯರದ್ದೇ ಒಂದು ವಾದ್ಯವೃಂದ ಇರಲಿ ಎನ್ನುವುದು ನನ್ನ ಆಸೆ. ಅಧ್ಯಕ್ಷರು ಇಲ್ಲೇ ಇದ್ದಾರೆ, ಹತ್ತು ನಿಮಿಷ ಸಮಯ ಈಗಲೇ ಕೇಳಿಕೊಂಡಿರುತ್ತೇನೆ.